ಮೂಸೆಯಲ್ಲಿ ಬೆರಕೆಯ ಹದ

ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನು ನೋಡಿ, ಅದರ ಮೇಲಂತಸ್ತಿನಲ್ಲಿ ನಿಂತು ಒಮ್ಮೆ ಕೂಗಿ, ಆಮೇಲೆ ಊರ ಪಶ್ಚಿಮದ ಬುರುಜನ್ನೇರಿ ಮಲಿಕ್-ಎ-ಮೈದಾನ್ ತೋಪಿನ ಮೈ ಸವರಿ ಬರುವುದು ವಾಡಿಕೆ. ನೀವೂ ಸವರಿರಬಹುದು. ಬೆರಳಿನಿಂದ ತಟ್ಟಿದರೆ ಅದು ಗಂಟೆಯಂತೆ ದನಿಗೊಡುತ್ತದೆ. ಸಿಂಹದ ಬಾಯಿ, ಅದರ ಹಲ್ಲುಗಳ ನಡುವೆ ಸಿಕ್ಕ ಆನೆ, ಇವನ್ನು ಮಕ್ಕಳಿಗೆ ತೋರಿಸಿ ನಾವು ಕೆಳಗಿಳಿಯುತ್ತೇವೆ. ಆದರೆ ತೋಪು ಗಂಟೆಯಂತೆ ಏಕೆ ನುಡಿಯಬೇಕು ಎಂದು ಕೇಳಿದ ಮಗುವಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ.

ಪುಸ್ತಕಗಳಲ್ಲಿರುವುದು ಇಷ್ಟು: ಕ್ರಿ. ಶ. 1549ರಲ್ಲಿ ಅಹಮದನಗರದಲ್ಲಿ ಎರಕವಾಯಿತು. 1632ರಲ್ಲಿ ಪರಂಡಾ ಕೋಟೆಯಿಂದ ಆದಿಲಶಾಹರ ರಾಜಧಾನಿಗೆ ಬಂತು. 1686ರಲ್ಲಿ ಊರನ್ನು ಗೆದ್ದ ಔರಂಗಜೇಬನು ತನ್ನ ಗೆಲುವನ್ನೂ ಅದರ ಮೇಲೆ ಕೆತ್ತಿಸಿದನು. ಎರಕ ಹೊಯ್ದವನು ಮುಹಮ್ಮದ್ ಎಂಬ ರೂಮಿ, ಎಂದರೆ ತುರ್ಕಿಯ ಕಡೆಯವನು. ಅವನ ಹೆಸರೂ ತೋಪಿನ ಮೇಲಿದೆ. ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ಬೇಡವಾದ ಸಾಮಾನುಗಳೊಂದಿಗೆ ಇದನ್ನೂ ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂದು ಮಾಮಲೇದಾರನು ಮೇಲಕ್ಕೆ ಬರೆದುದರಿಂದ ಮಾರಾಟ ನಿಂತಿತು. ಐವತ್ತೈದು ಟನ್ನು ತೂಕದ ಲೋಹವನ್ನು ಒಡೆದು ಸಾಗಿಸುವ ಖರ್ಚನ್ನು ನೆನೆದೇ ವ್ಯಾಪಾರಿಗಳು ಹಿಂಜರಿದಿರಬೇಕು. ಅಂತೂ ನಮ್ಮ ಅದೃಷ್ಟ.

ಲೋಹವನ್ನು ಪರೀಕ್ಷಿಸಿದವರು ಅದರಲ್ಲಿ ನೂರಕ್ಕೆ ಸುಮಾರು 80 ಪಾಲು ತಾಮ್ರ, 20 ಪಾಲು ತವರ ಇದೆಯೆಂದು ಕಂಡರು. ಇದು ಗಂಟೆಯ ಕಂಚು. ಯುರೋಪಿನ ತೋಪುಗಾರರು ಹತ್ತರಲ್ಲಿ ಒಂದು ಪಾಲು ತವರಕ್ಕೇ ನಿಲ್ಲುತ್ತಿದ್ದರು. ಅದಕ್ಕಿಂತ ಹೆಚ್ಚಾದರೆ ಕಂಚು ಗಡಸಾಗುತ್ತದೆ, ಜೊತೆಗೆ ಬಿರುಸಾಗಿ ಒಡೆಯಲೂಬಹುದು. ತೋಪಿನ ದನಿಗೆ ಕಾರಣ ಇದೇ. ಈಗ ಲೆಕ್ಕ ಹಾಕಿ ನೋಡಿ: 55 ಟನ್ನಿನಲ್ಲಿ ತವರವೇ ಸುಮಾರು 11 ಟನ್ನು. ತಾಮ್ರ ಕರಗಲು 1085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು, ತವರಕ್ಕೆ 232 ಡಿಗ್ರಿ ಸಾಕು. ಎರಡನ್ನೂ ಒಟ್ಟಿಗೆ ಕುಲುಮೆಗೆ ಹಾಕಿದರೆ ತಾಮ್ರ ಮೆತ್ತಗಾಗುವ ಮೊದಲೇ ತವರದ ಒಂದಷ್ಟು ಪಾಲು ಗಾಳಿಗೆ ಸಿಕ್ಕಿ ಸುಟ್ಟು, ಬೂದಿಯಾಗಿ, ಕಿಟ್ಟದೊಡನೆ ಹೋಗುತ್ತದೆ. ಆದುದರಿಂದ ಕಂಚುಗಾರರ ಪದ್ಧತಿಯಲ್ಲಿ ತಾಮ್ರ ಮೊದಲು, ತವರ ಕೊನೆಗೆ, ಇನ್ನೇನು ಅಚ್ಚಿಗೆ ಹೊಯ್ಯಬೇಕೆನ್ನುವಾಗ.

ಯಾವುದನ್ನು ಬೆರೆಸಬೇಕೆಂಬುದು ವಿದ್ಯೆಯ ಅರ್ಧ. ಯಾವಾಗ, ಯಾವ ರೂಪದಲ್ಲಿ ಬೆರೆಸಬೇಕೆಂಬುದು ಉಳಿದರ್ಧ. ಈ ಉಳಿದರ್ಧವನ್ನು ಚರಿತ್ರಕಾರರು ಬರೆದಿಡಲಿಲ್ಲ, ಕಸುಬಿನವರು ಬಾಯಿಂದ ಬಾಯಿಗೆ ದಾಟಿಸಿದರು. ನಾನೂರು ವರ್ಷಗಳ ಮೇಲೆ ಅದೇ ಪ್ರಶ್ನೆ ಬೇರೊಂದು ಲೋಹದಲ್ಲಿ ಎದ್ದು ನಿಂತಿತು. ಆ ಲೋಹ ನಿಮ್ಮ ಅಡುಗೆಮನೆಯಲ್ಲೇ ಇದೆ. ನಮ್ಮ ಕಡೆಯ ಹಿರಿಯರು ಅದನ್ನು ‘ಜರ್ಮನ್’ ಎನ್ನುತ್ತಾರೆ; ಪುಸ್ತಕದ ಹೆಸರು ಅಲ್ಯೂಮಿನಿಯಮ್.

ಈ ಲೋಹ ಮನುಷ್ಯನ ಕೈಗೆ ಸಿಕ್ಕಿದ್ದು ತೀರ ಈಚೆಗೆ. 1825ರಲ್ಲಿ ಡೆನ್ಮಾರ್ಕಿನ ಎರ್ಸ್ಟೆಡ್ ಅದರ ಚೂರೊಂದನ್ನು ಬೇರ್ಪಡಿಸಿದನು. 1886ರಲ್ಲಿ ಅಮೇರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರಿಗೊಬ್ಬರು ತಿಳಿಯದೆ, ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಪಡೆಯುವ ದಾರಿ ಕಂಡರು. ನಮ್ಮ ದೇಶದಲ್ಲಿ ಅದರ ಪಾತ್ರೆಗಳ ಕೈಗಾರಿಕೆಗೆ ನಾಂದಿ ಹಾಡಿದವರು ಮದರಾಸಿನ ಕಲಾಶಾಲೆಯ ಆಲ್ಫ್ರೆಡ್ ಚಾಟರ್ಟನ್, 1898ರಲ್ಲಿ. ಇದೇ ಚಾಟರ್ಟನ್ನರು ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು.

ಪಾತ್ರೆಗೆ ಶುದ್ಧ ಅಲ್ಯೂಮಿನಿಯಮ್ ಸಾಕು. ಆದರೆ ಶುದ್ಧ ಲೋಹ ಮೆದು. ಕೈಜಾರಿ ಬಿದ್ದ ಬೋಗುಣಿಯ ತಗ್ಗು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಅದರಿಂದ ವಿಮಾನ ಕಟ್ಟುವುದೆಂತು? 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವನು ನೂರಕ್ಕೆ ನಾಲ್ಕರಷ್ಟು ತಾಮ್ರ, ಅರ್ಧದಷ್ಟು ಮೆಗ್ನೀಸಿಯಮ್ ಬೆರೆಸಿದ ತುಂಡನ್ನು ಕಾಯಿಸಿ ನೀರಿನಲ್ಲಿ ಅದ್ದಿ ಪರೀಕ್ಷಿಸಿದನು. ಅಷ್ಟೇನೂ ಗಡಸಾಗಿರಲಿಲ್ಲ. ರಜೆ ಕಳೆದು ಬಂದು ಮತ್ತೆ ಪರೀಕ್ಷಿಸಿದಾಗ ಅದು ಸುಮ್ಮನೆ ಇದ್ದಲ್ಲೇ ಬಲಿತು ಗಟ್ಟಿಯಾಗಿತ್ತು! ಇದೇ ಡ್ಯೂರಾಲುಮಿನ್, ಮುಂದಿನ ವಿಮಾನಗಳ ಎಲುಬು ಇದರದು.

ನಮ್ಮ ನಾಡಿಗೆ ಈ ವಿದ್ಯೆ ಕಾಲಿಟ್ಟಿದ್ದು 1940ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಹುಟ್ಟಿದಾಗ. ಅದನ್ನು ಹುಟ್ಟುಹಾಕಿದ ವಾಲಚಂದ ಹೀರಾಚಂದರು ಸೊಲ್ಲಾಪುರದವರು, ಎಂದರೆ ಚಡಚಣದವರಾದ ನಮಗೆ ಭೀಮೆಯ ಆಚೆ ದಡದ ನೆರೆಯವರು. ಮೈಸೂರು ಸರ್ಕಾರ ಭೂಮಿಯನ್ನೂ ಹಣವನ್ನೂ ಕೊಟ್ಟಿತು. ಅಲ್ಲಿ ರೂಪುಗೊಂಡ ಎಚ್. ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಅದರ ಮೈಯೆಲ್ಲ ಲೋಹ. ಆ ಸಂಸ್ಥೆಯ ಎರಕದ ಮನೆ ಇಂದಿಗೂ ಬೆಂಗಳೂರಿನಲ್ಲಿದೆ.

ಈಗ ಮೂಸೆಯ ಬಳಿಗೆ ಬರೋಣ. ಅಲ್ಯೂಮಿನಿಯಮ್ 660 ಡಿಗ್ರಿಗೆ ಕರಗುತ್ತದೆ. ಅದಕ್ಕೆ ಸೇರಬೇಕಾದ ತಾಮ್ರಕ್ಕೆ 1085, ಮ್ಯಾಂಗನೀಸಿಗೆ 1246, ಸಿಲಿಕಾನಿಗೆ 1414, ಟೈಟೇನಿಯಮ್ಮಿಗೆ 1668 ಡಿಗ್ರಿ ಬೇಕು. ತೋಪಿನ ಲೆಕ್ಕ ಇಲ್ಲಿ ತಲೆಕೆಳಗಾಯಿತು: ಅಲ್ಲಿ ಬೇಗ ಕರಗುವುದನ್ನು ತಡವಾಗಿ ಕರಗುವುದಕ್ಕೆ ಸೇರಿಸಬೇಕಾಗಿತ್ತು, ಇಲ್ಲಿ ತಡವಾಗಿ ಕರಗುವುದನ್ನು ಬೇಗ ಕರಗುವುದಕ್ಕೆ. ಹಾಗಾದರೆ ಅಲ್ಯೂಮಿನಿಯಮ್ಮನ್ನೇ 1400 ಡಿಗ್ರಿಗೆ ಏರಿಸಿಬಿಡಬಾರದೇ ಎಂದರೆ, ಬಾರದು. ಶಾಖ ಏರಿದಂತೆಲ್ಲ ಈ ಲೋಹ ಗಾಳಿಯ ತೇವದಿಂದ ಜಲಜನಕವನ್ನು ಹೀರಿಕೊಳ್ಳುತ್ತದೆ. ಆರುವಾಗ ಅದನ್ನು ಹೊರಗೆ ಬಿಡುತ್ತದೆ. ಎರಕದ ಒಡಲೆಲ್ಲ ಸೂಜಿಮೊನೆಯಂಥ ತೂತು. ಹೊರಗಿನಿಂದ ನುಣ್ಣಗೆ ಕಾಣುವ ಯಂತ್ರಭಾಗ ಒಳಗೆ ಹೀಗೆ ಟೊಳ್ಳಾಗಿದ್ದರೆ, ಅದು ಆಕಾಶದಲ್ಲಿದ್ದಾಗ ಗತಿಯೇನು?

ಇದಕ್ಕೆ ಕಂಡುಕೊಂಡ ಉಪಾಯವನ್ನು ಓದುಗರಲ್ಲಿ ಅಂಬಲಿ ಕಾಸಬಲ್ಲ ತಾಯಂದಿರು ಕೂಡಲೇ ಹಿಡಿಯುತ್ತಾರೆ. ಕುದಿಯುವ ನೀರಿಗೆ ಒಣ ಹಿಟ್ಟನ್ನು ಸುರಿದರೆ ಗಂಟುಗಂಟಾಗುತ್ತದೆ. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಹಿಟ್ಟು ಕದಡಿ, ಆ ಕದಡನ್ನು ಎಸರಿಗೆ ಹೊಯ್ದರೆ ಸಲೀಸಾಗಿ ಕೂಡಿಕೊಳ್ಳುತ್ತದೆ. ಎರಕದವರೂ ಹಾಗೆಯೇ: ಬೇರೆಯಾಗಿ, ಮುಂಚಿತವಾಗಿ, ಸ್ವಲ್ಪ ಅಲ್ಯೂಮಿನಿಯಮ್ಮಿನಲ್ಲಿ ಹೆಚ್ಚು ತಾಮ್ರವನ್ನು ಬೆರೆಸಿ ಗಟ್ಟಿಗಳಾಗಿ ಹೊಯ್ದಿಟ್ಟುಕೊಳ್ಳುತ್ತಾರೆ. ಇದನ್ನು ತಾಯಿ-ಬೆರಕೆ ಎಂದು ಕರೆಯೋಣ. ತಾಮ್ರ, ಅಲ್ಯೂಮಿನಿಯಮ್ ಅರ್ಧಕ್ಕರ್ಧ ಬೆರೆತ ಗಟ್ಟಿ 600 ಡಿಗ್ರಿಯೊಳಗೇ ಕರಗುತ್ತದೆ, ಅಂದರೆ ಎರಡರಲ್ಲಿ ಯಾವುದು ಒಂಟಿಯಾಗಿ ಕರಗುವುದಕ್ಕಿಂತಲೂ ಮೊದಲು! ಮೇಲಾಗಿ ಅದು ಬಿರುಸು. ಸುತ್ತಿಗೆಯಿಂದ ಒಡೆದು ಬೇಕಾದಷ್ಟನ್ನೇ ತೂಗಿ ಹಾಕಬಹುದು. ಮ್ಯಾಂಗನೀಸ್, ಟೈಟೇನಿಯಮ್ಮುಗಳಿಗೂ ಇಂಥ ತಾಯಿ-ಬೆರಕೆಗಳಿವೆ; ಅವುಗಳಲ್ಲಿ ಆ ಲೋಹದ ಪಾಲು ನೂರಕ್ಕೆ ಹತ್ತರ ಆಸುಪಾಸು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಪ್ಪು ನೀರಿನಲ್ಲಿ ಕರಗುವುದಕ್ಕೆ ಉಪ್ಪು ಕಾದು ನೀರಾಗಬೇಕಾಗಿಲ್ಲ. ಹಾಗೆಯೇ ದ್ರವಲೋಹದಲ್ಲಿ ಗಟ್ಟಿ ಲೋಹ ತನ್ನ ಕರಗುವ ಶಾಖ ಮುಟ್ಟದೆಯೇ ಕ್ರಮೇಣ ಲೀನವಾಗಬಲ್ಲದು. ಬೀದರಿನ ಬಿದರಿ ಕೆಲಸದವರ ಲೋಹ ಇದಕ್ಕೆ ಸಾಕ್ಷಿ. ಅದರಲ್ಲಿ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ತಾಮ್ರ ಕರಗುವ ಶಾಖಕ್ಕೆ ಸತುವನ್ನು ಏರಿಸಿದರೆ ಅದು 907 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೋಗುತ್ತದೆ. ಆದರೆ ಕರಗಿದ ಸತು ಅದಕ್ಕಿಂತ ಎಷ್ಟೋ ಕೆಳಗಿನ ಶಾಖದಲ್ಲಿಯೇ ತಾಮ್ರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಸಿಲಿಕಾನನ್ನು ಹರಳುಗಳಾಗಿಯೇ ಹಾಕಿ, ತಾಳ್ಮೆಯಿಂದ ಕದಡಿ ಕೂಡಿಸುವುದೂ ಇದೇ ನ್ಯಾಯದಿಂದ.

ಮೆಗ್ನೀಸಿಯಮ್ಮಿನ ತೊಂದರೆ ಬೇರೆ. ಅದು 650 ಡಿಗ್ರಿಗೇ ಕರಗುತ್ತದೆ, ಆದರೆ ಅಲ್ಯೂಮಿನಿಯಮ್ಮಿಗಿಂತ ಹಗುರ. ಮೇಲೆ ತೇಲಿ, ಬಿಳಿಯ ಬೆಳಕು ಚೆಲ್ಲಿ ಉರಿದುಹೋಗುತ್ತದೆ. ಆದ್ದರಿಂದ ಅದನ್ನು ತೂತುಗಳುಳ್ಳ ಗಂಟೆಯಾಕಾರದ ಸಾಧನದಲ್ಲಿಟ್ಟು, ಉದ್ದನೆಯ ಹಿಡಿಕೆಯಿಂದ ಮೂಸೆಯ ತಳಕ್ಕೆ ಮುಳುಗಿಸಿ, ಪೂರ್ತಿ ಲೀನವಾಗುವವರೆಗೂ ಒತ್ತಿ ಹಿಡಿಯಬೇಕು. ಕೈ ನಡುಗಿದರೆ ಸರಕು ಹೋಯಿತು. ಆ ಸಾಧನ ಕಬ್ಬಿಣದ್ದಾದರೆ ಅದಕ್ಕೂ ಬಿಸಿ ಮಾಡಿ ಸುಣ್ಣದಂಥ ಲೇಪ ಕೊಡದೆ ವಿಧಿಯಿಲ್ಲ; ಬರಿಯ ಕಬ್ಬಿಣ ದ್ರವದಲ್ಲಿ ಸವೆದು ಸೇರಿಕೊಂಡು ಎರಕವನ್ನು ಬಿರುಸುಮಾಡುತ್ತದೆ. ತೇವದ ಸೌಟನ್ನು ಅದ್ದುವುದಂತೂ ಪ್ರಾಣಾಪಾಯ. ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಎತ್ತಿ ಎರಚುತ್ತದೆ.

ಎಲ್ಲಕ್ಕೂ ವಿಚಿತ್ರವಾದುದು ಸೋಡಿಯಮ್ಮಿನ ಕಥೆ. ನೂರಕ್ಕೆ ಹನ್ನೆರಡರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ ಅಚ್ಚಿನ ಸಂದುಗೊಂದಿಗೆಲ್ಲ ನೀರಿನಂತೆ ಹರಿಯುತ್ತದೆ. ಆದರೆ ಸಿಲಿಕಾನ್ ಒಳಗೆ ಚಪ್ಪಟೆ ತಗಡುಗಳಾಗಿ ಬೆಳೆದು, ಎರಕ ಪೆಟ್ಟಿಗೆ ಒಡೆಯುತ್ತಿತ್ತು. 1921ರಲ್ಲಿ ಅಮೇರಿಕದಲ್ಲಿ ಅಲದಾರ್ ಪಾಚ್ ಎಂಬ ಹಂಗೇರಿಯವನು ಸೋಡಿಯಮ್ಮಿನ ಲವಣದಿಂದ ಈ ದ್ರವವನ್ನು ಸಂಸ್ಕರಿಸುವುದಕ್ಕೆ ಹಕ್ಕುಪತ್ರ ಪಡೆದನು. ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಸೋಡಿಯಮ್ ಉಳಿದರೂ ಸಾಕು, ತಗಡುಗಳೆಲ್ಲ ನವಿರಾದ ಎಳೆಗಳಾಗಿ ಲೋಹ ಬಾಗುವ ಗುಣ ಪಡೆಯುತ್ತದೆ. ಆದರೆ ಅದರ ಪ್ರಭಾವ ಕೆಲವೇ ನಿಮಿಷ. ಹೊಯ್ಯಲು ತಡಮಾಡಿದರೆ ಸೋಡಿಯಮ್ ಆವಿಯಾಗಿ ಹೋಗಿ ಲೋಹ ಮೊದಲಿನಂತಾಗುತ್ತದೆ. ಅದಕ್ಕೇ ಅನೇಕ ಕಡೆ ಈಗ ಹೆಚ್ಚು ಹೊತ್ತು ನಿಲ್ಲುವ ಸ್ಟ್ರಾನ್ಷಿಯಮ್ಮನ್ನು, ಮತ್ತೆ ತಾಯಿ-ಬೆರಕೆಯ ರೂಪದಲ್ಲಿಯೇ, ಬಳಸುತ್ತಾರೆ. ಟೈಟೇನಿಯಮ್, ಬೋರಾನ್ ಬೆರೆತ ಸರಳನ್ನು ಹರಿಯುವ ಲೋಹದ ಕಾಲುವೆಯಲ್ಲೇ ಉಣಿಸುವ ಯಂತ್ರಗಳೂ ಬಂದಿವೆ; ಅದರಿಂದ ಲೋಹದ ಕಣಗಳು ಸಣ್ಣಗಾಗಿ ಎರಕ ಒಂದೇ ಸಮನಾಗುತ್ತದೆ.

ಅನುಕ್ರಮ ಹೀಗೆ ನಿಂತಿದೆ: ಸಿಲಿಕಾನ್, ತಾಮ್ರ, ಮ್ಯಾಂಗನೀಸ್ ಮುಂಚೆ, ಸತು, ಮೆಗ್ನೀಸಿಯಮ್ ತಡವಾಗಿ, ಅನಿಲ ತೆಗೆದು ಕಿಟ್ಟ ಬಳಿದ ಮೇಲೆ, ಕಟ್ಟಕಡೆಗೆ, ಸೋಡಿಯಮ್. ತವರವನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದ ಕಂಚುಗಾರನಿಗೆ ಈ ಅನುಕ್ರಮವನ್ನು ಹೇಳಿದರೆ, ಹೆಸರುಗಳು ಹೊಸವಾದರೂ, ಅವನು ತಲೆದೂಗುತ್ತಿದ್ದನೆಂದು ನನ್ನ ನಂಬಿಕೆ.

ಸೇರಿಸುವುದಕ್ಕೆ ಇಷ್ಟೆಲ್ಲ ದಾರಿಗಳಿದ್ದರೂ ಸೇರಿದ್ದನ್ನು ಹಿಂತೆಗೆಯುವುದು ಬಹಳ ಕಷ್ಟ. ಮೆಗ್ನೀಸಿಯಮ್ಮನ್ನು ಕ್ಲೋರಿನ್ ಅನಿಲದಿಂದ ತೆಗೆಯಬಹುದು. ತಾಮ್ರವನ್ನಾಗಲಿ ಕಬ್ಬಿಣವನ್ನಾಗಲಿ ಸುಲಭವಾಗಿ ತೆಗೆಯಲಾಗದು, ಶುದ್ಧ ಲೋಹ ಬೆರೆಸಿ ತೆಳುಮಾಡಬೇಕಷ್ಟೆ. ಗುಜರಿಯವನು ನಿಮ್ಮ ಬಾಗಿಲಿಗೆ ಬಂದಾಗ ವಿದ್ಯುತ್ತಿನ ತಂತಿಗೆ ಒಂದು ದರ, ಹಳೆಯ ಜರ್ಮನ್ ಬೋಗುಣಿಗೆ ಒಂದು ದರ, ಮೋಟಾರು ಎಂಜಿನ್ನಿನ ತುಂಡಿಗೆ ಮತ್ತೊಂದು ದರ ಹೇಳುತ್ತಾನಲ್ಲವೇ? ತಂತಿ ಬಹುಮಟ್ಟಿಗೆ ಶುದ್ಧ. ಎಂಜಿನ್ನಿನ ತುಂಡಿನಲ್ಲಿ ಸಿಲಿಕಾನ್, ತಾಮ್ರಗಳಿವೆ. ಅವನು ಮೂರನ್ನೂ ಬೇರೆಬೇರೆ ಚೀಲಗಳಲ್ಲಿ ಕಟ್ಟಿಕೊಂಡು ಹೋಗುವುದು ಅದಕ್ಕಾಗಿ.