ಖಲೀನ ಮತ್ತು ನಾಲಿಗೆ: ಯಾಕೋಬನ ಪತ್ರಿಕೆಯಲ್ಲಿ ಮಾತಿನ ಸಂಯಮ

ಹೊಸ ಒಡಂಬಡಿಕೆಯಲ್ಲಿ ನಾಲಿಗೆಯ ಬಗ್ಗೆ ಎಡೆಬಿಡದೆ ಯೋಚಿಸಿದ ಭಾಗವೆಂದರೆ ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯ. 5 ಅಧ್ಯಾಯ, 108 ವಚನಗಳ ಈ ಕಿರು ಪತ್ರಿಕೆಯನ್ನು ಸಭೆಯ ಸಂಪ್ರದಾಯ ಯೇಸುವಿನ ಸಹೋದರ ಯಾಕೋಬನದೆಂದು ನಂಬುತ್ತ ಬಂದಿದೆ. ಅದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇನ್ನೂ ನಡೆದಿದೆ. ಇಲ್ಲಿನ ಬೋಧನೆಯನ್ನು 'ಕಡಿಮೆ ಮಾತಾಡು, ಮೆತ್ತಗೆ ಮಾತಾಡು' ಎಂದು ಸಂಗ್ರಹಿಸುವುದು ವಾಡಿಕೆ. ಪತ್ರಿಕೆಯ ಪದಗಳ ಬೆನ್ನು ಹತ್ತಿದರೆ ಆ ಸಂಗ್ರಹ ಸಾಲದೆನ್ನಿಸುತ್ತದೆ.

ನಾಲಿಗೆಯನ್ನು ಹಿಡಿತದಲ್ಲಿಡುವುದಕ್ಕೆ ಯಾಕೋಬ ಬಳಸುವ ಗ್ರೀಕ್ ಕ್ರಿಯಾಪದ 'ಖಲಿನಗೋಗೆಯೋ'. ಹೊಸ ಒಡಂಬಡಿಕೆಯಲ್ಲಿ ಇದು ಎರಡೇ ಕಡೆ ಸಿಗುತ್ತದೆ (1:26, 3:2), ಎರಡೂ ಈ ಪತ್ರಿಕೆಯಲ್ಲೇ. ಇದರೊಳಗಿರುವ ನಾಮಪದ 'ಖಲಿನೋಸ್', ಅಂದರೆ ಕಡಿವಾಣ. ಅಮರಕೋಶದಲ್ಲಿ ಕಡಿವಾಣಕ್ಕೆ ಹೇಳಿರುವ 'ಖಲೀನ' ಇದೇ ಗ್ರೀಕ್ ಪದದಿಂದ ಸಂಸ್ಕೃತಕ್ಕೆ ಬಂದದ್ದೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಕುದುರೆಯೊಂದಿಗೆ ನಮ್ಮ ಕಡೆಗೂ ಪಯಣಿಸಿದ ಈ ಪದವನ್ನು ಯಾಕೋಬನ ಪುಟದಲ್ಲಿ ಕಂಡಾಗ ದೂರದ ನೆಂಟರನ್ನು ಕಂಡಷ್ಟು ಸಂತೋಷವಾಗುತ್ತದೆ. ಕ್ರಿಯಾಪದದ ಉತ್ತರಾರ್ಧಕ್ಕೆ 'ನಡೆಸು' ಎಂದರ್ಥ. ಕಡಿವಾಣ ತೊಡಿಸುವುದು ಕುದುರೆಯನ್ನು ಕಟ್ಟಿಹಾಕಲಿಕ್ಕಲ್ಲ, ದಾರಿ ಹಿಡಿಸಲಿಕ್ಕೆ. ಪತ್ರಿಕೆಯಲ್ಲಿ ಕುದುರೆಯ ಹೋಲಿಕೆಯ ಬೆನ್ನಿಗೇ ಬರುವ ಹಡಗಿನ ಚುಕ್ಕಾಣಿಯ ಕೆಲಸವೂ ಅದೇ.

ನಾಲಿಗೆಯ ಮಾತು ಮುಗಿಯುತ್ತಿದ್ದಂತೆ 3:13ರಲ್ಲಿ ಜ್ಞಾನದ ಮಾತು ಬರುತ್ತದೆ. ಇವೆರಡನ್ನೂ ಒಂದೇ ವಾದವಾಗಿ ಓದಬೇಕೆಂಬುದು ನನ್ನ ನಿಲುವು. ಅಲ್ಲಿ ಜ್ಞಾನಿಯ ಗುರುತಾಗಿ ಬರುವ ಪದ 'ಪ್ರಾಯುತೇಸ್', ಅಂದರೆ ಸೌಮ್ಯತೆ. ಇದಕ್ಕೆ ಸಂಬಂಧಿಸಿದ ವಿಶೇಷಣವನ್ನು ಪ್ರಾಚೀನ ಗ್ರೀಕ್ ಲೇಖಕ ಕ್ಸೆನೋಫನ್ ತನ್ನ ಅಶ್ವಾರೋಹಣದ ಗ್ರಂಥದಲ್ಲಿ ಪಳಗಿದ ಕುದುರೆಮರಿಗೆ ಹೇಳುತ್ತಾನೆ. ಹಾಯದ, ಒದೆಯದ ಹಸುವನ್ನು ನಮ್ಮ ಹಳ್ಳಿಗಳಲ್ಲಿ 'ಸಾಧು' ಎನ್ನುವ ಹಾಗೆಯೇ ಇದು. ಸಾಧುವಾದ ಪ್ರಾಣಿಯ ಕಸುವೇನೂ ಬತ್ತಿರುವುದಿಲ್ಲ. ಅದು ಪಳಗಿರುತ್ತದೆ, ಅಷ್ಟೇ.

ಸಿಹಿಮಾತಿನ ಮೇಲೆ ಯಾಕೋಬನಿಗಿರುವ ಅನುಮಾನವನ್ನು ಓದುಗರು ಹೆಚ್ಚಾಗಿ ಗಮನಿಸುವುದಿಲ್ಲ. 2ನೆಯ ಅಧ್ಯಾಯದಲ್ಲಿ ಬಟ್ಟೆಯೂ ಅಂದಿನ ಅನ್ನವೂ ಇಲ್ಲದವರಿಗೆ ಸಮಾಧಾನ ಹಾರೈಸಿ, ಬೆಚ್ಚಗಿರಲೆಂದು ಹರಸಿ, ಬರಿಗೈಯಲ್ಲಿ ಸಾಗಹಾಕುವವನು ಬರುತ್ತಾನೆ. ಅವನ ಮಾತಿನಲ್ಲಿ ಒಂದಕ್ಷರವೂ ಒರಟಿಲ್ಲ. ಆದರೂ ಅದು ಯಾಕೋಬನ ಕಣ್ಣಿಗೆ ಸತ್ತ ನಂಬಿಕೆಯ ಮಾದರಿ. ಅದೇ ಅಧ್ಯಾಯದ ಆರಂಭದಲ್ಲಿ ಚಿನ್ನದುಂಗುರದವನಿಗೆ ಸಭೆಯಲ್ಲಿ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲ್ಮಣೆಯ ಬಳಿ ಜಾಗ. 1:26ರಲ್ಲಿ ನಾಲಿಗೆಗೆ ಕಡಿವಾಣವಿಲ್ಲದವನ ಭಕ್ತಿ ವ್ಯರ್ಥವೆಂದವನು ಮುಂದಿನ ವಚನದಲ್ಲೇ ಅನಾಥರನ್ನೂ ವಿಧವೆಯರನ್ನೂ ನೆನೆಯುತ್ತಾನೆ. ಕನ್ನಡದ 'ನಡೆನುಡಿ' ಎಂಬ ಜೋಡಿಪದ ಈ ಸಾಮೀಪ್ಯವನ್ನು ವಿವರಣೆಯಿಲ್ಲದೆ ಹಿಡಿದುಕೊಡುತ್ತದೆ.

ಎಚ್ಚರಿಕೆ ಮೊದಲು ತಟ್ಟುವುದೂ ಬೋಧಕರಿಗೇ: 3ನೆಯ ಅಧ್ಯಾಯ ತೆರೆಯುವುದು ಬೋಧಕರಾಗಲು ಬಹಳ ಮಂದಿ ಮುಂದಾಗಬಾರದೆಂಬ ಮಾತಿನಿಂದ. ಅವರಿಗೆ ತೀರ್ಪು ಹೆಚ್ಚು ಕಠಿಣ. ತಾನೂ ಬೋಧಕನೆಂಬುದನ್ನು ಯಾಕೋಬ ಮರೆಮಾಚುವುದಿಲ್ಲ, 'ನಾವು' ಎಂದೇ ಸೇರಿಸಿಕೊಳ್ಳುತ್ತಾನೆ. ದೇವರನ್ನು ಕೊಂಡಾಡುವ ಬಾಯಿಯೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತದೆಂಬ 3:9ರ ಆರೋಪವೂ ಆ 'ನಾವು' ಎಂಬುದರ ಮೇಲೆಯೇ ಬೀಳುತ್ತದೆ. ಸೌಜನ್ಯಕ್ಕೆ ಇಲ್ಲಿ ಶಿಷ್ಟಾಚಾರದ ಆಧಾರವಿಲ್ಲ, ಸೃಷ್ಟಿಯ ಆಧಾರವಿದೆ. ಎದುರಿಗಿರುವವನು ಯಾರೇ ಆಗಲಿ, ಆ ಹೋಲಿಕೆ ಅವನಲ್ಲಿದೆ.

ಹಾಗಾದರೆ 5ನೆಯ ಅಧ್ಯಾಯದ ಬಿರುನುಡಿಗೆ ಏನೆನ್ನೋಣ? ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡ ಧನಿಕರಿಗೆ ಅಳಿರಿ, ಗೋಳಾಡಿರಿ ಎನ್ನುವ ಯಾಕೋಬ ತಾನು ಹಾಕಿದ ಕಡಿವಾಣವನ್ನು ತಾನೇ ಕಳಚಿದನೆ? ಇಲ್ಲವೆಂದು ನನ್ನ ಓದು. ಪಳಗಿದ ನಾಲಿಗೆ ಹೋಗಬೇಕಾದ ಕಡೆಗೇ ಇಲ್ಲಿ ಹೋಗಿದೆ. ಅದು ಯಾರ ಮೇಲೂ ಹಗೆ ತೀರಿಸಿಕೊಳ್ಳುವುದಿಲ್ಲ; ಕೂಲಿ ಸಿಗದವರ ಪಕ್ಕದಲ್ಲಿ ನಿಲ್ಲುತ್ತದೆ. 5:4ರಲ್ಲಿ ಕೊಯ್ಲಿನವರ ಮೊರೆಗಿಂತ ಮೊದಲೇ, ಅವರಿಗೆ ಸಲ್ಲದೆ ಉಳಿದ ಆ ಕೂಲಿ ತಾನಾಗಿ ಕೂಗಿಕೊಳ್ಳುತ್ತದೆ.