ದಬ್ಬಣ, ದಾರ, ದಾಖಲೆ: ಮೂರು ತಾಲೂಕುಗಳ ಹೆಣ್ಣುಮಕ್ಕಳ ಕಾಗದದ ಕಟ್ಟುಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳ ಅಟ್ಟ ಇಳಿಸುವಾಗ ಸಿಗುವ ಟ್ರಂಕಿನಲ್ಲಿ ಎರಡು ಬಗೆಯ ಕಾಗದಗಳಿರುತ್ತವೆ. ಜಾಗದ ಪತ್ರ, ತೀರ್ವೆ ರಶೀದಿಗಳನ್ನು ಮನೆಯವರು ಜೋಪಾನವಾಗಿ ಎತ್ತಿಡುತ್ತಾರೆ. ಅಜ್ಜಿ ಹೊಲಿದಿಟ್ಟ ಧಾರಾವಾಹಿ, ಕತ್ತರಿಸಿಟ್ಟ ಅಡುಗೆಯ ಅಂಕಣ, ರಂಗೋಲಿಯ ಹಾಳೆ, ಬಯಲಾಟದ ಕರಪತ್ರ ಗುಜರಿಗೆ ಹೋಗುತ್ತವೆ. ಈ ಎರಡನೆಯ ಕಟ್ಟೂ ದಾಖಲೆಯೇ ಎಂಬುದು ನನ್ನ ವಾದ. ಹೆಣ್ಣು ಏನು ಓದಿದಳು, ಅದರಲ್ಲಿ ಯಾವುದನ್ನು ಉಳಿಸಿಕೊಂಡಳು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಗ್ರಂಥ ಉಳಿಸುವ ಕೆಲಸದಲ್ಲಿ ಹೆಣ್ಣಿನ ಪಾಲು ಈ ನೆಲಕ್ಕೆ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ, ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥದ ತಾಡಪತ್ರ ಪ್ರತಿಯೊಂದನ್ನು ಬರೆಸಿದವಳು ದೇಮಿಯಕ್ಕ. ಶ್ರುತಪಂಚಮಿ ವ್ರತದ ಉದ್ಯಾಪನೆಗೆಂದು ಬರೆಸಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧವೆಂಬ ಇನ್ನೊಂದು ಸಿದ್ಧಾಂತ ಗ್ರಂಥದ ಪ್ರತಿಯನ್ನು ಮಲ್ಲಿಕಾದೇವಿ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಇವೆರಡೂ ಬೇರೆಡೆ ಸಿದ್ಧವಾಗಿ ಇಲ್ಲಿಗೆ ಬಂದು ಉಳಿದ ಪ್ರತಿಗಳು. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯಿಂದ ಈ ಭಾಗದ ಓಲೆಗರಿಗಳ ವ್ಯಾಪ್ತಿ ನಾಡಿಗೆ ತಿಳಿಯಿತು. ಕಾಗದದ ಕಟ್ಟುಗಳಿಗೆ ಅಂಥ ಸೂಚಿಯ ಭಾಗ್ಯ ಒದಗಲಿಲ್ಲ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಪಕ್ಕದ ಮಂಗಳೂರಿನಲ್ಲೇ ಅಚ್ಚಾಯಿತು. ಆದರೆ ಕತ್ತರಿಸಿಡುವ ಹವ್ಯಾಸ ಬೇರೂರಲು ಪತ್ರಿಕೆ ತಪ್ಪದೆ ಮನೆಯೊಳಗೆ ಬರಬೇಕಿತ್ತು. 1956ರಲ್ಲಿ 'ಕಸ್ತೂರಿ', 1965ರಲ್ಲಿ 'ಸುಧಾ' ಬಂದವು. ಮಣಿಪಾಲದಿಂದ 1970ರಲ್ಲಿ 'ಉದಯವಾಣಿ', 1973ರಲ್ಲಿ 'ತುಷಾರ', 1983ರಲ್ಲಿ 'ತರಂಗ' ಹೊರಟವು. ಒಂದೇ ಸಂಚಿಕೆ ನಾಲ್ಕು ಮನೆ ಸುತ್ತುತ್ತಿದ್ದಾಗ, ಕೊನೆಗೆ ಓದಿದವಳಿಗೆ ಕತ್ತರಿಯ ಹಕ್ಕು.

ಹೊಲಿದ ಧಾರಾವಾಹಿಯೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ನಡುವಿನ ಪಿನ್ನು ಬಿಡಿಸಿ, ಕಂತಿನ ಹಾಳೆಗಳನ್ನು ಬೇರ್ಪಡಿಸಿ, ವಾರದ ಕ್ರಮಕ್ಕೆ ಜೋಡಿಸಿ, ಅಂಚಿಗೆ ದಬ್ಬಣದಿಂದ ಮೂರು ತೂತು ಹಾಕಿ ನೂಲು ಎಳೆದಿರುತ್ತಾರೆ. ಸಿಮೆಂಟು ಚೀಲದ ದಪ್ಪ ಕಾಗದವೇ ರಟ್ಟು. ತಪ್ಪಿಹೋದ ಕಂತಿನ ಜಾಗದಲ್ಲಿ ಕೆಲವೊಮ್ಮೆ ನೋಟುಬುಕ್ಕಿನ ಹಾಳೆ ಇರುತ್ತದೆ. ನೆರೆಮನೆಯ ಪ್ರತಿ ನೋಡಿ ಕೈಯಲ್ಲಿ ಬರೆದದ್ದು. ಅಮೆರಿಕದಲ್ಲಿ ಮಾರ್ಕ್ ಟ್ವೇನ್ 1873ರಲ್ಲಿ ಅಂಟು ಬಳಿದ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದಿದ್ದ. ನಮ್ಮ ಜಡಿಮಳೆಯ ಊರಿನಲ್ಲಿ ಗೋಂದು ಹಚ್ಚಿದರೆ ಬೂಸು ಹಿಡಿಯುತ್ತದೆ, ಬೆಳ್ಳಿಹುಳು ಬರುತ್ತದೆ. ಹೊಲಿಗೆಯಿಂದ ಇನ್ನೊಂದು ಲಾಭವೂ ಇದೆ: ಹಾಳೆಯ ಹಿಂಬದಿ ಉಳಿಯುತ್ತದೆ. ತಾರೀಖು ಕತ್ತರಿಗೆ ಸಿಕ್ಕಿ ಹೋಗಿದ್ದರೂ ಅಲ್ಲಿನ ಅರ್ಧ ಜಾಹೀರಾತು, ಸೀರೆಯ ದರ, ಸಿನಿಮಾದ ಹೆಸರು ಕಾಲವನ್ನು ಹೇಳಿಬಿಡುತ್ತವೆ.

ಗ್ರಂಥಾಲಯ ಇಡೀ ಸಂಚಿಕೆಯನ್ನು ಕಾಯುತ್ತದೆ. ಹೊಲಿದವಳು ಆಯ್ಕೆಯನ್ನು ಕಾಯುತ್ತಾಳೆ. ಪತ್ರೊಡೆಯ ವಿಧಾನ, ಬಾಣಂತಿ ಮದ್ದು, ಶೋಭಾನೆ ಹಾಡು, ಮಗಳ ಮದುವೆ ಕಾಗದ, ಧರ್ಮಸ್ಥಳ ಮೇಳದ ಆಟದ ನೋಟೀಸು ಒಂದೇ ಕಟ್ಟಿನಲ್ಲಿ ಕೂಡಿದ್ದರೆ, ಆ ನೆರೆಹೊರೆಯೇ ಅವಳ ಮನಸ್ಸಿನ ನಕಾಶೆ. ವಿಷಯವಾರು ಬಿಡಿಸಿ ಬೇರೆ ಬೇರೆ ಫೈಲಿಗೆ ಹಾಕಿದರೆ ಅದು ಅಳಿಸಿಹೋಗುತ್ತದೆ.

ಮನೆಬಳಕೆಯ ವಸ್ತುವೂ ಇತಿಹಾಸವೆಂದು ತೋರಿಸಿಕೊಟ್ಟವರು ನಮ್ಮ ನಡುವೆಯೇ ಇದ್ದಾರೆ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ಬದುಕಿನ ವಸ್ತುಗಳನ್ನು ಕಾಪಾಡಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಕಡೆಗೋಲು, ಕಳಸೆಗೆ ಸಿಕ್ಕ ಗೌರವ ಹೊಲಿದ ಧಾರಾವಾಹಿಗೂ ಸಿಗಬೇಕು.

ಅದಕ್ಕೆ ಮೊದಲ ಹೆಜ್ಜೆ ಮನೆಯಲ್ಲೇ. ದಾರ ಬಿಚ್ಚಬೇಡಿ. ಹೊಲಿದವಳ ಹೆಸರು, ತವರೂರು, ಸೇರಿದ ಮನೆ, ನೆನಪಿರುವ ವರ್ಷ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿನೊಳಗಿಡಿ. ದೇಮಿಯಕ್ಕನ ಹೆಸರು ಇಂದು ನಮಗೆ ಗೊತ್ತಿರುವುದು ಓಲೆಗರಿಯ ಪ್ರಶಸ್ತಿ ಬರಹದಲ್ಲಿ ಅದನ್ನು ಬರೆದಿಟ್ಟದ್ದರಿಂದ. ಅಜ್ಜಿಯ ಕಟ್ಟಿಗೆ ಆ ಸಾಲನ್ನು ಬರೆಯಬೇಕಾದವರು ನಾವು.