ಸೈಕಲ್ಲಿಗೆ ಬೀಗವೊಂದೇ ಸಾಲದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಹಿಂದೆ ಕಾಲೇಜಿಗಾಗಲಿ, ಕೋರ್ಟಿಗಾಗಲಿ, ದೊಡ್ಡಾಸ್ಪತ್ರೆಗಾಗಲಿ ಹೋಗಲು ಬಸ್ಸೇ ಗತಿಯಾಗಿತ್ತು. ಹಳ್ಳಿಯಿಂದ ಆ ಬಸ್ಸಿನವರೆಗೆ ಬರಲು ಸೈಕಲ್. ಬೆಳಗ್ಗೆ ಬಿಟ್ಟುಹೋದ ಸೈಕಲ್ ಸಂಜೆಯ ಬಸ್ಸು ಬರುವವರೆಗೆ ಒಡೆಯನಿಲ್ಲದೆ ನಿಲ್ಲಬೇಕಿತ್ತು. ಅಷ್ಟು ಹೊತ್ತು ಅದನ್ನು ಕಾಯುತ್ತಿದ್ದದ್ದು ಬೀಗವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನಮ್ಮ ಕಡೆಯ ಸೈಕಲ್ ಬೀಗದ ಗುಣವನ್ನು ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. ಸೈಕಲ್ಲನ್ನು ಕಾದದ್ದು ಗುರುತು ಮತ್ತು ಹೊಣೆ. ಬೀಗ ಅವೆರಡರ ಜೊತೆಗಿದ್ದ ಸಣ್ಣ ಸಹಾಯ ಅಷ್ಟೆ.

ಹಿಂದಿನ ಚಕ್ರದ ಮೇಲೆ, ಸೀಟಿನ ಕೆಳಗೆ ಕೂರುವ ಆ ಲಾಕನ್ನೇ ನೋಡಿ. ಲಾಳದಾಕಾರದ ತಗಡಿನ ಕವಚದೊಳಗೆ ಬಾಗಿದ ಒಂದು ಕಂಬಿ. ಗುಬುಟನ್ನು ಒತ್ತಿ ಎಳೆದರೆ ಅದು ಕಡ್ಡಿಗಳ ನಡುವೆ ಹಾಯ್ದು ಆಚೆ ಬದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ಮಾತ್ರ ಕೀಲಿ ಹೊರಗೆ ಬರುತ್ತದೆ. ಒಂದರ ಕೀಲಿ ಇನ್ನೊಂದಕ್ಕೆ ಆಗುವುದು ಅಪರೂಪವಾಗಿರಲಿಲ್ಲ. ಸೈಕಲ್ಲನ್ನು ಯಾವುದಕ್ಕೂ ಕಟ್ಟದ ಈ ಲಾಕ್, ಅದನ್ನು ಹತ್ತಿ ಓಡಿಸುವವನನ್ನು ತಡೆದೀತೇ ಹೊರತು ಹೆಗಲ ಮೇಲೆ ಹೊತ್ತೊಯ್ಯುವವನನ್ನಲ್ಲ. ಆದರೂ ದಶಕಗಟ್ಟಲೆ ಜನ ಇದನ್ನೇ ನೆಚ್ಚಿದ್ದರು. ಹೊತ್ತು ನಡೆಯುವವನನ್ನು ತಡೆದು ಕೇಳುವ ಕಣ್ಣುಗಳು ಬೀದಿಯಲ್ಲಿದ್ದವು ಎಂಬುದೇ ಇದಕ್ಕೆ ಕಾರಣ.

ಆ ಕಣ್ಣುಗಳ ಹಿಂದೆ ಒಂದು ವ್ಯವಸ್ಥೆಯೂ ಇತ್ತು. ಮೈಸೂರು ಸೀಮೆಯಲ್ಲಿ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಕಟ್ಟಿಸಿಕೊಂಡು ನಂಬರು ಒತ್ತಿದ ಬಿಲ್ಲೆ ಕೊಡುತ್ತಿದ್ದ ಕಾಲವಿತ್ತು. ಬಾಡಿಗೆ ಸೈಕಲ್ ಅಂಗಡಿಯವರು ಮಡ್‌ಗಾರ್ಡಿನ ಮೇಲೆ ಅಂಗಡಿಯ ಹೆಸರು, ನಂಬರು ಬರೆಸಿ, ಒಯ್ದವರ ಹೆಸರು, ಊರು, ಹೊತ್ತನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಬಸ್ ನಿಲ್ದಾಣ, ಟಾಕೀಸುಗಳ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿಯ ಅರ್ಧ ಹ್ಯಾಂಡಲ್ಲಿಗೆ, ಇನ್ನರ್ಧ ಒಡೆಯನ ಜೇಬಿಗೆ. ಎರಡೂ ತಾಳೆಯಾಗದೆ ಸೈಕಲ್ ಹೊರಗೆ ಹೋಗುತ್ತಿರಲಿಲ್ಲ. ಬೇರೆಯವರ ವಸ್ತುವನ್ನು ವಶಕ್ಕೆ ತೆಗೆದುಕೊಂಡವನು ಅದನ್ನು ಸಾಮಾನ್ಯ ವಿವೇಕಿಯೊಬ್ಬ ತನ್ನ ವಸ್ತುವನ್ನು ನೋಡಿಕೊಳ್ಳುವಂತೆ ಜೋಪಾನ ಮಾಡಬೇಕೆಂದು 1872ರ ಕರಾರು ಕಾಯಿದೆಯ 151ನೇ ಕಲಮು ಹೇಳುತ್ತದೆ. ಸ್ಟ್ಯಾಂಡಿನ ಹುಡುಗನಿಗೆ ಆ ಕಲಮು ತಿಳಿದಿರಬೇಕಾಗಿರಲಿಲ್ಲ, ಚೀಟಿಯೇ ಅದನ್ನು ಜಾರಿಗೆ ತರುತ್ತಿತ್ತು.

ಬಿಲ್ಲೆ ಇದ್ದದ್ದು ತೆರಿಗೆಗೆ, ಕಾವಲಿಗಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆದರೆ ತೆರಿಗೆಗಾಗಿ ಬಂದ ನಂಬರೇ ಸೈಕಲ್ಲಿಗೂ ಒಡೆಯನಿಗೂ ಕಾಗದದ ಮೇಲೆ ನಂಟು ಕಟ್ಟಿತು. ಆಗಲೂ ಕಳವಾಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಆಗುತ್ತಿತ್ತು, ಡೈನಮೊ, ಬೆಲ್ಲು, ಸೀಟು ಬಿಚ್ಚಿಕೊಂಡು ಹೋಗುವವರಿಗೆ ಬಿಲ್ಲೆಯೂ ಅಡ್ಡಿಯಾಗಲಿಲ್ಲ. ಇಡೀ ಸೈಕಲ್ಲನ್ನು ಕದ್ದು ಮಾರುವವನಿಗೆ ಮಾತ್ರ ಅದು ಕಷ್ಟ ಕೊಟ್ಟಿತು. ಇನ್ನು ಗಟ್ಟಿ ಬೀಗವಿದ್ದರೆ ಇದೆಲ್ಲ ಬೇಕೇ ಎನ್ನುವವರು 2004ರ ಸಂಗತಿ ಗಮನಿಸಬೇಕು. ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಯು ಆಕಾರದ ಸೈಕಲ್ ಬೀಗಗಳು ಮಾಮೂಲಿ ಬಾಲ್‌ಪೆನ್ನಿನ ಕೊಳವೆಯಿಂದ ತೆರೆದುಕೊಂಡವು. ಕಂಪನಿ ಅವನ್ನು ಬದಲಾಯಿಸಿಕೊಡಬೇಕಾಯಿತು. ಬೀಗ ಎಷ್ಟೇ ಗಟ್ಟಿಯಿರಲಿ, ಅದು ಕೊಡುವುದು ಸಮಯವನ್ನು. ಆ ಸಮಯದಲ್ಲಿ ಯಾರಾದರೂ ನೋಡಬೇಕು, ಕೇಳಬೇಕು.

ಈಗ ಬಿಲ್ಲೆಯಿಲ್ಲ. ಮೋಟರ್ ಬೈಕು ಹೆಚ್ಚಿದಂತೆ ಬಾಡಿಗೆ ಅಂಗಡಿಗಳು ಮುಚ್ಚಿದವು, ಕಾವಲಿನ ಪೂರ್ತಿ ಹೊರೆ ಒಡೆಯನ ಕೀಲಿಗೊಂಚಲಿಗೆ ಬಿತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಆದರೆ ಶಾಲೆಯ ಅಂಗಳದ ತುಂಬ ಒಂದೇ ಮಾದರಿಯ ಸೈಕಲ್ಲುಗಳು ನಿಂತು ಗುರುತು ಕಷ್ಟವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಬಾರಿ ಶಿಕ್ಷೆಗೊಳಗಾದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಹಳೆಯ ಸೈಕಲ್ಲುಗಳ ಬೆಲೆ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. ಈ ಮೃದುತ್ವ ಸರಿಯೇ. ಆದರೆ ಸಿಕ್ಕ ಸೈಕಲ್ ಯಾರದೆಂದು ತೋರಿಸಲು ಆಧಾರವಿಲ್ಲದಿದ್ದರೆ ಮರಳಿಸುವುದು ಯಾರಿಗೆ?

ಆದ್ದರಿಂದ ಬೀಗ ಕೊಳ್ಳುವವರು ಚಕ್ರದ ಲಾಕಿನ ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಕೊಳ್ಳಲಿ. ಅದು ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸುತ್ತಿ ಕಂಬಕ್ಕೆ ಬಿಗಿಯಬೇಕು. ಸೀಟಿನ ಕೆಳಗಿನ ಕೊಳವೆಯ ಮೇಲೋ ಪೆಡಲಿನ ಅಚ್ಚಿನ ಅಡಿಯಲ್ಲೋ ಒತ್ತಿರುವ ಫ್ರೇಮ್ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಶಾಲೆಗಳು ಆ ನಂಬರನ್ನು ಮಕ್ಕಳ ಹೆಸರಿನ ಮುಂದೆ ದಾಖಲಿಸಲಿ. ಈ ನಾಲ್ಕೂ ಊರುಗಳ ಸ್ಥಳೀಯ ಸಂಸ್ಥೆಗಳು ಬಸ್ ನಿಲ್ದಾಣದ ಬಳಿ ಚೀಟಿ ಕೊಡುವ ಸೈಕಲ್ ಸ್ಟ್ಯಾಂಡಿಗೆ ಜಾಗ ಕೊಡಲಿ.